ಸಂಪು ಮುಚ್ಚಿದ ಮೇಲೆ

ಬಸವೇಶ್ವರನಗರ, ಬೆಂಗಳೂರು
೨೧-೧೧-೧೯೮೪

ಪ್ರೀತಿಯ ಪ್ರಭಾ,

ನಿನ್ನ ಮಾವನ ಆಶೀರ್ವಾದಗಳು. ನಿನಗೆ ಜ್ವರ ಬಿಟ್ಟಿತೆಂದು ಬೀಗರು ನಾರಾಯಣಪ್ಪನವರು ಕಾರ್ಡು ಬರೆದಿದ್ದರು. ಗುಬ್ಬಿಯಲ್ಲಿ ಈಗ ಚಳಿ ಹೆಚ್ಚಿರಬೇಕು, ತಲೆಗೆ ಏನಾದರೂ ಕಟ್ಟಿಕೊಂಡೇ ಹೊರಗೆ ಹೋಗು. ಊಟ ಸೇರುತ್ತಿದೆಯೆ? ನಿದ್ದೆಯ ವಿಷಯ ಕೇಳುವುದಿಲ್ಲ. ಇಲ್ಲಿಯೂ ಯಾರಿಗೂ ಸರಿಯಾಗಿ ಬರುತ್ತಿಲ್ಲ. ನಿಮ್ಮತ್ತೆಯ ಮಂಡಿನೋವು ಹಾಗೇ ಇದೆ. ಜಗನ್ನಾಥ ಕೆಲಸಕ್ಕೆ ಹೋಗಿ ಬರುತ್ತಿದ್ದಾನೆ, ಅಷ್ಟೇ.

ನೀನು ತವರಿಗೆ ಹೋದ ಮೇಲೆ ಮನೆಯ ಉಳಿದ ಕೆಲಸಗಳು ಒಂದೊಂದಾಗಿ ಮುಗಿದವು. ಕಿಟಕಿಗಳಿಗೆ ಬಣ್ಣವಾಯಿತು, ಗೇಟು ಬಂತು. ಕುರುಬರಹಳ್ಳಿಯ ಬಾಡಿಗೆ ಮನೆಯಲ್ಲಿ ವರ್ಷಗಟ್ಟಲೆ ಮೊಣಕೈಗೆ ಮೊಣಕೈ ತಗುಲಿಸಿಕೊಂಡು ಬದುಕಿದ ನಮಗೆ ಇಲ್ಲಿ ಜಾಗ ಹೆಚ್ಚಾಗಿದೆ. ಒಬ್ಬೊಬ್ಬರು ಒಂದೊಂದು ಕೋಣೆಯಲ್ಲಿ ಕುಳಿತರೆ ಮನೆಯಲ್ಲಿ ಜನ ಇದ್ದಾರೆಂದೇ ತಿಳಿಯುವುದಿಲ್ಲ. ನಾನು ಬೆಳಗಾದರೆ ಅಂಗಳದಲ್ಲಿರುತ್ತೇನೆ, ಸಂಜೆಯೂ ಅಲ್ಲೇ. ನಮ್ಮ ಸೈಟಿನಲ್ಲಿರುವುದು ಮಣ್ಣಲ್ಲ; ಗಾರೆಯವರು ಬಿಟ್ಟುಹೋದ ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟು, ಸುಣ್ಣ. ಗುದ್ದಲಿ ಹಾಕಿದರೆ ಕಿಡಿ ಹಾರುತ್ತದೆ. ಅದನ್ನೆಲ್ಲ ಜರಡಿ ಹಿಡಿದು ಕಾಂಪೌಂಡಿನ ಉದ್ದಕ್ಕೂ ಒಂದು ಪಾತಿ ಮಾಡಿದೆ. ಶ್ರೀಗಂಧದ ಕಾವಲಿನ ಕಡೆಯಿಂದ ಒಂದು ಗಾಡಿ ಕೆಂಪು ಮಣ್ಣು ತರಿಸಿ ಗೊಬ್ಬರ ಬೆರೆಸಿದೆ. ನೀನು ನೆಟ್ಟಿದ್ದ ಕರಿಬೇವು ಬರಲಿಲ್ಲ, ಸುಣ್ಣಕ್ಕೆ ಸುಟ್ಟುಹೋಯಿತು. ಪಕ್ಕದ ಮನೆಯ ಅಂಜಮ್ಮ ಬೇರೊಂದು ಸಸಿ ಕೊಟ್ಟರು. ಅದು ಇನ್ನೂ ಡಬ್ಬದಲ್ಲೇ ಇದೆ. ಚಪ್ಪರದವರೆ ಮಾತ್ರ ಚೆನ್ನಾಗಿ ಹಬ್ಬಿ ಬೇಕಾದಷ್ಟು ಕಾಯಿ ಬಿಡುತ್ತಿದೆ. ನಿಮ್ಮತ್ತೆ ಬೀದಿಯವರಿಗೆಲ್ಲ ಹಂಚುತ್ತಾಳೆ. ನಮ್ಮ ಮನೆಯಲ್ಲಿ ಪಲ್ಯ ಮಾಡಿದರೆ ಪಾತ್ರೆಯಲ್ಲೇ ಉಳಿಯುತ್ತದೆ.

ಆ ದಿನದ ವಿಷಯ ಬರೆಯಬಾರದೆಂದುಕೊಂಡಿದ್ದೆ. ಆದರೆ ಅದನ್ನು ಬಿಟ್ಟು ಏನು ಬರೆದರೂ ಸುಳ್ಳು ಬರೆದಂತೆ ಕಾಣುತ್ತದೆ. ಆಷಾಢಕ್ಕೆ ಮುಂಚೆ ಆಗಿಬಿಡಲಿ ಎಂದು ಅವಸರದಲ್ಲಿ ಗೃಹಪ್ರವೇಶ ಮಾಡಿದೆವು. ನೆಲದೊಳಗಿನ ನೀರಿನ ಸಂಪಿಗೆ ಕಬ್ಬಿಣದ ಮುಚ್ಚಳ ಇನ್ನೂ ಬಂದಿರಲಿಲ್ಲ, ತಗಡು ಮುಚ್ಚಿ ಕಲ್ಲು ಹೇರಿದ್ದೆವು. ಮಾರನೆಯ ದಿನ ರಾಶಿ ಪಾತ್ರೆ ತೊಳೆಯುವುದಿತ್ತು. ನೀನು, ನಾನು, ನಿಮ್ಮತ್ತೆ, ಜಗನ್ನಾಥ, ನಮ್ಮಕ್ಕ ಗಂಗಲಕ್ಷ್ಮಮ್ಮ, ಎಲ್ಲರೂ ಬೆಳಗಿನಿಂದ ಅದರಿಂದಲೇ ನೀರು ಸೇದಿದ್ದೆವು. ಕೊನೆಗೆ ತಗಡು ಸರಿಸಿದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಮಧ್ಯಾಹ್ನ ಎಲೆಯ ಮುಂದೆ ಕುಳಿತಾಗ ಗಿರಿಜೆ ನಿನ್ನ ಬಳಿ ಇದ್ದಾಳೆಂದು ನಾನು ತಿಳಿದೆ, ನನ್ನ ಬಳಿ ಇದ್ದಾಳೆಂದು ನೀನು ತಿಳಿದೆ. ಮೂರು ತುಂಬದ ಮಗು. ಅದರ ಮುಂದಿನದನ್ನು ಬರೆಯಲಾರೆ.

ನೀನು ಹೋದ ವಾರವೇ ಜಗನ್ನಾಥ ಯಾರನ್ನೂ ಕರೆಯದೆ ಸುತ್ತಿಗೆ ತಂದು ಸಂಪಿನ ಬಾಯಿ ಒಡೆದು, ಮಣ್ಣು ತುಂಬಿ ಮುಚ್ಚಿದ. ಈಗ ನೀರನ್ನು ಡ್ರಮ್ಮಿನಲ್ಲಿ ಹಿಡಿಯುತ್ತೇವೆ. ಮಳೆ ಬಂದಾಗಲೆಲ್ಲ ಆ ಮಣ್ಣು ಕುಸಿಯುತ್ತದೆ. ಅವನು ಪ್ರತಿಸಲ ಬುಟ್ಟಿಯಲ್ಲಿ ತಂದು ಸುರಿದು ಕಾಲಿನಿಂದ ತುಳಿದು ಗಟ್ಟಿ ಮಾಡುತ್ತಾನೆ. ಒಂದು ದಿನ ನಾನೂ ಬುಟ್ಟಿ ಹಿಡಿದು ಹೋದೆ. “ನೀವು ಬಿಡಿ ಅಪ್ಪ, ನಾನ್ ಹಾಕ್ತೀನಿ” ಎಂದ. ಆ ತಿಂಗಳು ಅವನು ನನ್ನೊಂದಿಗೆ ಆಡಿದ ಮಾತು ಅದೊಂದೇ. ನಿಮ್ಮತ್ತೆ ಅಲ್ಲಿ ತುಳಸಿ ಕಟ್ಟೆ ಕಟ್ಟಿಸೋಣ ಎಂದಳು. ನಾನು ಬೇಡವೆಂದೆ. ದಿನಾ ಬೆಳಿಗ್ಗೆ ಆ ಜಾಗವನ್ನು ಸುತ್ತು ಹಾಕು ಎಂದು ಯಾವ ಬಾಯಿಂದ ನಿನಗೆ ಹೇಳಲಿ? ಅಲ್ಲಿ ನಾನು ಏನನ್ನೂ ನೆಟ್ಟಿಲ್ಲ. ಗರಿಕೆ ತಾನಾಗಿಯೇ ಬಂದಿದೆ, ಕಿತ್ತಿಲ್ಲ.

ಹೋದ ಭಾನುವಾರ ಅಕ್ಕ ಮಾಗಡಿಯಿಂದ ಬಂದಿದ್ದಳು. ನಾನು ಪಾತಿಯಲ್ಲಿ ಕಳೆ ಕೀಳುತ್ತಿದ್ದೆ. ಬಂದವಳು ಅಂದು ಆಡಿದ ಮಾತನ್ನೇ ಮತ್ತೆ ಆಡಿದಳು: “ಹೆತ್ತೋಳಿಗೆ ಗ್ಯಾನ ಇರಬೇಕಿತ್ತು.” ಆ ಮಾತಿಗೇ ನೀನು ಮನೆ ಬಿಟ್ಟೆಯೆಂದು ನನಗೆ ಗೊತ್ತು. ಕೈಯ ಮಣ್ಣನ್ನೂ ತೊಳೆಯದೆ ಎದ್ದು ನಿಂತು ಹೇಳಿದೆ, “ಅಕ್ಕ, ಅವತ್ತು ಐದು ಜನ ದೊಡ್ಡೋರಿದ್ವಿ. ಅವಳೊಬ್ಬಳ್ನೇ ಯಾಕೆ ಕೇಳ್ತೀಯ? ನನ್ನ ಕೇಳು. ನಿನ್ನನ್ನ ನೀನೇ ಕೇಳ್ಕೋ.” ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಚಿಕ್ಕಂದಿನಲ್ಲಿ ನನ್ನನ್ನು ಎತ್ತಿ ಆಡಿಸಿದವಳು. ಅವಳಿಗೆ ನಾನು ಎದುರಾಡಿದ್ದು ಅದೇ ಮೊದಲು. ನಿಮ್ಮತ್ತೆ ಒಳಗಿನಿಂದ ಕೇಳಿಸಿಕೊಂಡಿದ್ದಳು. ಆಮೇಲೆ ಕಾಫಿ ತಂದುಕೊಟ್ಟು, “ಇದನ್ನ ಪ್ರಭಾ ಕೇಳ್ಬೇಕಿತ್ತು” ಎಂದಳು. ಅದಕ್ಕೇ ನಿನಗೆ ಬರೆದೆ.

ಬೀಗರಿಗೂ ಬೀಗಿತ್ತಿಯವರಿಗೂ ನಮ್ಮಿಬ್ಬರ ನಮಸ್ಕಾರ ತಿಳಿಸು. ಜ್ವರ ಬಿಟ್ಟಿತೆಂದು ಔಷಧಿ ನಿಲ್ಲಿಸಬೇಡ. ಭಗವಂತ ನಿನಗೆ ಗಟ್ಟಿ ಮನಸ್ಸು ಕೊಡಲಿ, ತಾಯಿ.

ಇಂತಿ ನಿನ್ನ ಮಾವ,
ಗಂಗಾಧರಯ್ಯ

ತಾ.ಕ.: ಅಕ್ಕ ಯಾಕೆ ಬಂದಿದ್ದಳೆಂದು ಮೇಲೆ ಬರೆಯಲು ಕೈ ಬರಲಿಲ್ಲ. ಜಗನ್ನಾಥನಿಗೆ ಸೋಲೂರಿನ ಕಡೆ ಒಂದು ಹೆಣ್ಣು ನೋಡಿದ್ದಾಳೆ. “ಅವಳಿನ್ನು ಬರೋಳಲ್ಲ ಕಣೋ” ಎಂದು ಅವನ ಎದುರಿಗೇ ಅಂದಳು. ಅವನು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಹೆಣ್ಣಿನ ಕಡೆಯವರು ಮನೆ ನೋಡಲು ಬರುವುದು ಬೇಡವೆಂದು ನಾನೇ ಹೇಳಿಕಳಿಸಿದ್ದೇನೆ. ಆದರೆ ಅವನು ಆಡಬೇಕಾದ ಮಾತನ್ನು ನಾನು ಎಷ್ಟು ದಿನ ಆಡಲಿ? ಈ ಮನೆಗೆ ಬಾ ಎಂದು ನಿನ್ನನ್ನು ಕರೆಯುವುದಿಲ್ಲ. ಕುರುಬರಹಳ್ಳಿಯ ನಮ್ಮ ಹಳೆಯ ಬೀದಿಯಲ್ಲಿ ರಾಮಕ್ಕನ ಮನೆಯ ಹಿಂದಿನ ಪೋರ್ಷನ್ ಖಾಲಿಯಾಗಿದೆ, ಮಾತಾಡಿ ಬೀಗದಕೈ ತಂದಿಟ್ಟುಕೊಂಡಿದ್ದೇನೆ. ನೀನು ಬರುವುದಾದರೆ ಅವನನ್ನು ಅಲ್ಲಿಗೆ ಕಳಿಸುತ್ತೇನೆ. ನಾವಿಬ್ಬರು ಇಲ್ಲೇ ಇರುತ್ತೇವೆ. ಬರುವುದಿಲ್ಲವೆಂದರೂ ನಾನು ತಪ್ಪು ತಿಳಿಯುವುದಿಲ್ಲ. ಯಾವುದಾದರೂ ಸರಿ, ಅವನಿಗೇ ಬರೆ. ಇಲ್ಲ ಎಂಬ ಉತ್ತರ ನನ್ನ ಹೆಸರಿಗೆ ಬಂದರೆ ಅದನ್ನು ಅವನಿಗೆ ಓದಿ ಹೇಳುವ ಶಕ್ತಿ ನನಗಿಲ್ಲ.