ಪೂರ್ತಿ ಸಂಬಳ

ರಾಮನಗರ ಜೈಲಿನಿಂದ
18-7-2025

ಚಿ. ಸೌ. ಭಾನುಪ್ರಿಯಳಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ಕ್ಷೇಮವಾಗಿದ್ದೀನಿ ಅಂತ ಬರೆದರೆ ನಗ್ತೀಯ. ಬರೆಯೋಕೆ ತಡವಾಯಿತು ಮಗಳೇ, ಕೋಪ ಇಳಿದಿರಲಿಲ್ಲ. ಈಗಲೂ ಪೂರ್ತಿ ಇಳಿದಿಲ್ಲ ಅನ್ನು. ಗಂಡನನ್ನು ಕುದೂರಿಗೆ ಕರೆದುಕೊಂಡು ಹೋಗುವಾಗ, "ಅಪ್ಪನ್ನ ಎತ್ತಿಕಟ್ಟಿದ್ದೇ ಅಮ್ಮ. ನನ್ ಪಾಲಿಗೆ ಇಬ್ರೂ ಸತ್ರು" ಅಂದೆಯಂತೆ. ನನಗೆ ಅಂದದ್ದು ಸರಿ. ಅಮ್ಮನನ್ನು ಯಾಕೆ ಸಾಯಿಸಿದೆ? ಅದಕ್ಕೇ ಈ ಕಾಗದ.

ರಿಟೈರಾದ ಮೇಲೆ ನಾವಿಬ್ಬರೂ ಮತ್ತೆ ಅದೇ ಫಿಲೇಚರ್‌ಗೆ ಗೂಡಿನಿಂದ ರೇಷ್ಮೆ ನೂಲು ತೆಗೆಯೋಕೆ ಹೋದೆವಲ್ಲ, ಅವತ್ತು ಸೂಪರ್‌ವೈಸರ್ ಆಗಿದ್ದ ನಿನ್ನ ಗಂಡ ಅಶ್ವಥ್ ಹೇಳಿದ, "ಮಾವ, ರಿಟೈರಾದೋರ್ಗೆ ಇಎಸ್‌ಐ ಆಸ್ಪತ್ರೆ ದುಡ್ಡು ಹಿಡಿಯಂಗಿಲ್ಲ. ಪೂರ್ತಿ ಸಂಬ್ಳ ಕೈಗೆ ಬತ್ತದೆ." ನಾವು ಹಿಗ್ಗಿದ್ದೇ ಹಿಗ್ಗಿದ್ದು. ಸಂಬಳ ಹಿಡಿಸಿಕೊಳ್ಳೋ ಹುಡುಗಿಯರನ್ನು ನಿನ್ನಮ್ಮ ದಿನಾ ರೇಗಿಸುತ್ತಿದ್ದಳು. ಅಳಿಯ ಹೇಳಿದ ಮೇಲೆ ಮುಗೀತು, ಇನ್ನೊಬ್ಬರನ್ನು ಯಾರು ಕೇಳ್ತಾರೆ?

ಹೋದ ತಿಂಗಳು ಗೂಡು ಬೇಯಿಸೋ ತೊಟ್ಟಿಯ ಪೈಪು ಸಿಡಿದು ಅಮ್ಮನ ಬಲಗೈ ಬೆಂದುಹೋಯಿತು. ಬಳೆ ತೆಗೆದರೆ ಚರ್ಮವೂ ಜೊತೆಗೇ ಬಂತು. ಇಎಸ್‌ಐ ಆಸ್ಪತ್ರೆಯ ಕೌಂಟರಿನಲ್ಲಿದ್ದ ಮೆಹ್ರೀನ್ ಅನ್ನೋ ಹೆಣ್ಣುಮಗಳು ಅಂದಳು, "ಇವ್ರ ಹೆಸ್ರಲ್ಲಿ ಕಟ್ಟೇ ಇಲ್ವಲ್ಲ ತಾತ. ರಿಟೈರಾದ್ರೇನು, ಫ್ಯಾಕ್ಟ್ರೀಲಿ ಇಷ್ಟು ಸಂಬ್ಳಕ್ಕೆ ದುಡಿಯೋರೆಲ್ಲ ಕಟ್ಟಲೇಬೇಕು. ಓನರೂ ಅವ್ರ ಪಾಲು ಕಟ್ಬೇಕು." ಓನರ್ ತನ್ನ ಪಾಲು ಉಳಿಸೋಕೆ ಅಳಿಯನ ಬಾಯಲ್ಲಿ ಸುಳ್ಳು ಹೇಳಿಸಿದ್ದ.

ಬೇರೆ ಆಸ್ಪತ್ರೆಯಲ್ಲಿ ಕೈಗೆ ಬ್ಯಾಂಡೇಜ್ ಸುತ್ತಿಸಿ ಸೀದಾ ಫಿಲೇಚರ್‌ಗೆ ನುಗ್ಗಿದೆ. ಅಶ್ವಥ್ ತಲೆ ತಗ್ಗಿಸಿಕೊಂಡು, "ಗೊತ್ತಿತ್ತು ಮಾವ, ಕೆಲ್ಸ ಹೋಗ್ಬುಡ್ತದೆ ಅಂತ ಸುಮ್ಕಿದ್ದೆ. ಅತ್ತೆಗೂ ವಯಸ್ಸಾಯ್ತು, ಮನೇಲಿರ್ಲಿ ಬುಡಿ" ಅಂದ. ಬುಡಿ ಅಂತಾನೆ! ಸೌದೆ ಎತ್ತಿಕೊಂಡು ಬಾಯಿಗೇ ಬಾರಿಸಿದೆ, ಹಲ್ಲು ಉದುರಿತು. ಬಿದ್ದವನ ಕತ್ತು ಹಿಡಿದು ಎಳೆದೊಯ್ದು, ಕೈಯನ್ನು ಕುದಿಯೋ ತೊಟ್ಟಿಗೆ ಅದುಮಿದೆ. ಅವನು ಕಿರುಚಿದಾಗ ನನ್ನ ಹೊಟ್ಟೆ ತಣ್ಣಗಾಯಿತು. ನಿನ್ನ ಹತ್ತಿರ ಸುಳ್ಳು ಯಾಕೆ.

ಅವನ ಕೈ ವಾಸಿಯಾಗುತ್ತಿದೆಯಂತೆ, ಆಗಲಿ. ನನ್ನ ಜಾಮೀನಿಗೆ ಓಡಾಡಬೇಡ, ನನ್ನನ್ನು ನೋಡೋಕೂ ಬರಬೇಡ. ಅಮ್ಮನ ಹತ್ತಿರ ಹೋಗು. ಅವಳಿಗೆ ತಲೆ ಬಾಚಿಕೊಳ್ಳೋಕೂ ಆಗಲ್ಲ. ನಿನ್ನ ಸಂಸಾರ ಚೆನ್ನಾಗಿರಲಿ, ತಾಳಿ ಗಟ್ಟಿಯಾಗಿರಲಿ.

ಇಂತಿ ನಿನ್ನ ಅಪ್ಪ,
ರಾಮಲಿಂಗಯ್ಯ

ತಾ.ಕ.: ಅಶ್ವಥ್‌ಗೆ ಅಷ್ಟರಲ್ಲಿ ಪ್ರಜ್ಞೆ ತಪ್ಪಿತ್ತು, ಅವನು ನಿನಗೆ ಹೇಳಿರಲಾರ. ನನ್ನನ್ನು ತಡೆಯೋಕೆ ಅಮ್ಮ ಹಿಂದೆಯೇ ಓಡಿಬಂದಿದ್ದಳು. ನಾನು ಅದುಮಿ ಹಿಡಿದಿದ್ದ ಅವನ ಕೈಯನ್ನು ಹೊರಗೆ ಎಳೆದವಳು ಅವಳೇ. ಆ ಗಾಬರಿಯಲ್ಲಿ ತೊಟ್ಟಿಯೊಳಗೆ ಹಾಕಿದ್ದು ಬ್ಯಾಂಡೇಜ್ ಸುತ್ತಿದ ಬಲಗೈ. ಆಸ್ಪತ್ರೆಯಲ್ಲಿ ಅವಳ ಮೂರು ಬೆರಳು ತೆಗೆದುಬಿಟ್ಟರು. ಪೊಲೀಸರು ಕೇಳಿದರೆ, ಎರಡು ಸಲವೂ ಕೆಲಸ ಮಾಡುವಾಗಲೇ ಸುಟ್ಟದ್ದು ಅಂತಾಳಂತೆ.