ನಿಮ್ಮ ಗೋಡೆಗೆ ಅಂಟಿಸಿದ ನನ್ನ ಮಗಳ ತೂಕ

ಮಾನ್ಯ ಶಿಶು ಕಲ್ಯಾಣಾಧಿಕಾರಿಗಳೇ,

ನಿಮ್ಮ ಕಚೇರಿಯ ಕರಪತ್ರ ಹೇಳಿದಂತೆ ನಡೆದುಕೊಂಡ ತಪ್ಪಿಗೆ, ನನ್ನ ಮಗಳ ಹಾಲಿನ ಪುಡಿಗೆಂದು ಮಂಜೂರಾಗಿದ್ದ ಗಿಫ್ಟ್ ಕಾರ್ಡನ್ನು ನಿಮ್ಮದೇ ಕಚೇರಿ ರದ್ದು ಮಾಡಿದೆ. ಷರಾ ಬರೆಯುವ ಜಾಗದಲ್ಲಿ ಕೆಂಪು ಶಾಯಿಯಲ್ಲಿ ‘ಸಹಕರಿಸಲಿಲ್ಲ’ ಎಂದಿದೆ. ನಾನು ಸಹಕರಿಸಿದ್ದೇನೆ ಸ್ವಾಮಿ, ಆದರೆ ನಿಮಗಿಂತ ಮೊದಲು ಫೋನ್ ಮಾಡಿದ ಕಳ್ಳನಿಗೆ. ಈ ಕಥೆ ಹೇಳಲು ನಿಮ್ಮ ಕಚೇರಿಗೆ ಮೂರು ಸಲ ಬಂದೆ. ಮೂರು ಸಲವೂ ನೀವು ಮೀಟಿಂಗಿನಲ್ಲಿದ್ದಿರಿ. ಆದ್ದರಿಂದ ಈಗ ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದೇನೆ. ನೀವೂ ಊರಿನವರೇ ಅಲ್ಲವೇ, ಒಂದು ಕಿವಿ ಇತ್ತ ಕೊಡಿ.

ನನ್ನ ಮಗಳು ಏಳು ವಾರ ಮೊದಲೇ ಹುಟ್ಟಿದಳು. ತೂಕ ಒಂದು ಕಿಲೋ ಏಳುನೂರ ನಲವತ್ತು ಗ್ರಾಂ. ಆರು ತಿಂಗಳು ತುಂಬುವವರೆಗೆ ನನ್ನ ಹಾಲಿನ ಜೊತೆಗೆ ಒಂದು ವಿಶೇಷ ಪುಡಿ ಕೊಡಲೇಬೇಕು ಎಂದು ಡಾಕ್ಟರು ಬರೆದುಕೊಟ್ಟರು. ಡಬ್ಬಿ ಒಂಬತ್ತು ದಿನಕ್ಕೆ ಖಾಲಿ. ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವರು. ದಿನವಿಡೀ ಮೇಲೆ ಕೆಳಗೆ ಓಡಾಡಿದರೂ ಸಂಬಳ ಮಾತ್ರ ಒಂದೇ ಮಹಡಿಯಲ್ಲಿ ನಿಂತಿದೆ. ನಾನು ಸಂಬಳವಿಲ್ಲದ ರಜೆಯಲ್ಲಿದ್ದೇನೆ. ಹಾಗಾಗಿ ತೂಕ ಕಡಿಮೆಯಿರುವ ಮಕ್ಕಳಿಗೆ ನಿಮ್ಮ ಕಚೇರಿ ಕೊಡುವ ‘ಶಿಶು ಸ್ವಾಗತ ಗಿಫ್ಟ್ ಕಾರ್ಡ್’ಗೆ ಅರ್ಜಿ ಹಾಕಿದೆವು. ಅದನ್ನು ಔಷಧದಂಗಡಿಯಲ್ಲಿ ತೋರಿಸಿದರೆ ಪುಡಿ ಸಿಗುತ್ತದಂತೆ. ಅಂತೆ ಎನ್ನುತ್ತಿದ್ದೇನೆ, ಏಕೆಂದರೆ ಆ ಕಾರ್ಡಿನ ಬಣ್ಣ ಯಾವುದೆಂದು ನನಗಿನ್ನೂ ಗೊತ್ತಿಲ್ಲ. ಅಂದಹಾಗೆ, ನಾನು ಸಂಖ್ಯಾಶಾಸ್ತ್ರದ ಪದವೀಧರೆ. ‘ಓದಿದವರೇ ಹೀಗೆ ಮೋಸ ಹೋದರೆ ಹೇಗಮ್ಮ’ ಎನ್ನಲು ನಿಮ್ಮ ಗುಮಾಸ್ತರಿಗೆ ಅನುಕೂಲವಾಗಲಿ ಎಂದು ಇದನ್ನೂ ತಿಳಿಸಿದ್ದೇನೆ.

ಅರ್ಜಿ ಹಾಕಿ ಎರಡು ವಾರಕ್ಕೆ, ಒಂದು ಮಧ್ಯಾಹ್ನ ಫೋನ್ ಬಂತು. ಶಿಶು ಕಲ್ಯಾಣ ಕಚೇರಿಯಿಂದ ಎಂದ. ಮೊದಲು ಅಭಿನಂದನೆ ಹೇಳಿದ. ಆಮೇಲೆ ಕೇಳಿದ: “ಹುಟ್ಟಿದಾಗ ಒಂದು ಕೆಜಿ ಏಳ್ನೂರ ನಲವತ್ತು ಇತ್ತಲ್ವಾ ಅಕ್ಕಾ ಪಾಪು? ಈಗ ಮೈ ಹಿಡೀತಿದೆಯಾ? ನೀವು ಹೊತ್ತೊತ್ತಿಗೆ ಊಟ ಮಾಡ್ತಿದೀರಾ?”

ಮಾನ್ಯರೇ, ನಾಲ್ಕು ತಿಂಗಳಲ್ಲಿ ನನ್ನ ಊಟ ವಿಚಾರಿಸಿದ ಮೊದಲ ಸರ್ಕಾರಿ ದನಿ ಅದು. ಅಷ್ಟಕ್ಕೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ, ಕಣ್ಣಲ್ಲಿ ನೀರು ಬಂತು. ಮಗಳ ಬಟ್ಟೆ ಬದಲಿಸಬೇಕು, ಒಂದು ನಿಮಿಷ ಎಂದೆ. ಆತ ಕಾದ. ನಿಮ್ಮ ಕಚೇರಿಯಲ್ಲಿ ಕಾಯುವ ಕೆಲಸ ನಮ್ಮದೇ ಎಂದು ತಿಳಿದಿದ್ದ ನನಗೆ, ಕಚೇರಿಯೇ ನನಗಾಗಿ ಕಾಯುತ್ತಿರುವುದು ಎಷ್ಟು ಹಿತವಾಯಿತೆಂದರೆ, ಮುಂದೆ ಆತ ಹೇಳಿದ್ದಕ್ಕೆಲ್ಲ ಹ್ಞೂಂಗುಟ್ಟಿದೆ. ನಮ್ಮ ಕಾರ್ಡು ತಯಾರಾಗಿದೆ, ಚಾಲೂ ಮಾಡಲು ಮೊದಲು ಅಂಗಡಿಯಲ್ಲಿ ಎರಡು ಗಿಫ್ಟ್ ಕಾರ್ಡ್ ಕೊಂಡು, ಹಿಂದಿನ ಪಟ್ಟಿ ಕೆರೆದು ನಂಬರು ಓದಬೇಕು, ಆ ಹಣ ಎರಡರಷ್ಟಾಗಿ ನಮ್ಮ ಕಾರ್ಡಿಗೇ ಬಂದು ಸೇರುತ್ತದೆ. ಇದೇ ಲೆಕ್ಕವನ್ನು ಪರೀಕ್ಷೆಯಲ್ಲಿ ಕೇಳಿದ್ದರೆ ಅಸಾಧ್ಯ ಎಂದು ಬರೆದು ಪೂರ್ತಿ ಅಂಕ ತೆಗೆದುಕೊಳ್ಳುತ್ತಿದ್ದೆ. ಎರಡು ಗಂಟೆ ಒಟ್ಟಿಗೆ ನಿದ್ದೆ ಮಾಡಿ ನಾಲ್ಕು ತಿಂಗಳಾದವಳಿಗೆ ಅದು ಸರಿಯಾಗಿಯೇ ಕಂಡಿತು.

ಮಗಳನ್ನು ಎದೆಗೆ ಕಟ್ಟಿಕೊಂಡು ಅಂಗಡಿಗೆ ಹೋದೆ. ಫೋನ್ ಇಡಬೇಡಿ ಅಕ್ಕಾ, ಲೈನ್ ಹೋದರೆ ಮತ್ತೆ ಮೊದಲಿಂದ ಮಾಡಬೇಕಾಗುತ್ತೆ ಎಂದಿದ್ದ. ಗಲ್ಲಾದಲ್ಲಿ ಕೂತಿದ್ದ ಹೆಂಗಸು ಕಾರ್ಡುಗಳನ್ನು ತಿರುಗಿಸಿ ನೋಡಿ, ನನ್ನ ಕಿವಿಯ ಫೋನನ್ನೂ ನೋಡಿ, ಯಾರಿಗೆ ಇದು ಎಂದು ಕೇಳಿದಳು. ನಾದಿನಿಯ ಹುಟ್ಟುಹಬ್ಬಕ್ಕೆ ಎಂದೆ. ಹಾಗೆ ಹೇಳಲು ಆತನೇ ಕಲಿಸಿಕೊಟ್ಟಿದ್ದ. ನನಗೆ ನಾದಿನಿಯೇ ಇಲ್ಲ. ಆಕೆ ಬಿಲ್ಲು ಹಾಕಲಿಲ್ಲ.

“ಅಮ್ಮಾ, ಹುಟ್ಟುಹಬ್ಬಕ್ಕೆ ಕೊಳ್ಳೋರು ಹೀಗೆ ಫೋನ್ ಕಿವಿಗಿಟ್ಕೊಂಡು ಬರಲ್ಲ. ಫೋನ್ ಇಡು, ಮನೆಗೆ ಹೋಗು. ನಾಳೆ ಬಾ, ನಾನೇ ಕೊಡ್ತೀನಿ.”

ಆಕೆಯ ಮೇಲೆ ರೇಗಿದೆ. ದುಡ್ಡು ನನ್ನದು, ನಿಮಗೇನು ಎಂದು ಬಿಲ್ಲು ಹಾಕಿಸಿಕೊಂಡೆ. ಇಡೀ ಪ್ರಸಂಗದಲ್ಲಿ ಸಂಬಳಕ್ಕೆ ಮೀರಿ ಕೆಲಸ ಮಾಡಿದವಳು ಅವಳೊಬ್ಬಳೇ, ಬೈಗುಳ ತಿಂದವಳೂ ಅವಳೇ. ಮನೆಯ ಮೆಟ್ಟಿಲ ಮೇಲೆ ಕೂತು, ಮಗಳ ಔಷಧಿ ಚಮಚದ ಹಿಡಿಯಿಂದ ಕಾರ್ಡುಗಳನ್ನು ಕೆರೆದು, ನಂಬರು ಓದಿ ಹೇಳಿದೆ. “ಥ್ಯಾಂಕ್ಸ್ ಅಕ್ಕಾ, ಪಾಪು ಹುಷಾರು” ಎಂದು ಆತ ಫೋನ್ ಇಟ್ಟ. ಮೂರು ಡಬ್ಬಿ ಪುಡಿಯ ಹಣ ಹೋಯಿತು.

ಮರುದಿನ ನಿಮ್ಮ ಕೌಂಟರಿಗೆ ಬಂದು ಅತ್ತೆ. ನಿಮ್ಮವರು ದೂರು ಬರೆದುಕೊಳ್ಳಲಿಲ್ಲ. ಅದು ಬೇರೆ ಇಲಾಖೆಯಂತೆ. ಬದಲಿಗೆ ಕರಪತ್ರ ಕೊಟ್ಟರು. ಒಂದು ಕೇಳಿದರೆ ಎರಡು ಕೊಡುವ ಉದಾರಿಗಳು, ಇನ್ನೊಂದು ನಿಮ್ಮ ಅತ್ತೆಗೆ ಎಂದರು. ಮೇಲೆ ನಿಮ್ಮ ನಗುಮುಖದ ಫೋಟೋ, ಕೆಳಗೆ ‘ಸದಾ ಎಚ್ಚರವಾಗಿರಿ’ ಎಂಬ ಬುದ್ಧಿಮಾತು. ಸದಾ ಎಚ್ಚರವಾಗಿರುವುದರಲ್ಲಿ ನನ್ನನ್ನು ಮೀರಿಸುವವರು ಈ ಊರಲ್ಲಿ ಇದ್ದರೆ ಕರೆತನ್ನಿ, ನೋಡೋಣ. ಆದರೂ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ದಿನಾ ಓದಿದೆ. ಅವಸರ ಮಾಡುವ ಕರೆ ಬಂದರೆ ಇಟ್ಟುಬಿಡಿ. ಬೆದರಿಸಿದರೆ ಇಟ್ಟುಬಿಡಿ. ಒಟಿಪಿ ಕೇಳಿದರೆ ಇಟ್ಟುಬಿಡಿ. ಕಾರ್ಡಿನ ಮಾತೆತ್ತಿದರೆ, ಯಾವ ಕಚೇರಿಯ ಹೆಸರು ಹೇಳಿದರೂ ಇಟ್ಟುಬಿಡಿ. ನನ್ನ ಅತ್ತೆ ಹೊಲಿಗೆ ಮಿಷನ್ನಿನ ಮುಂದೆ ಕೂತಲ್ಲಿಂದಲೇ ಇದನ್ನು ಬಾಯಿಪಾಠ ಮಾಡಿದರು.

ಆಮೇಲೆ ನೀವು ಫೋನ್ ಮಾಡಿದಿರಿ.

ನೀವೇ ಅಲ್ಲ, ನಿಮ್ಮ ಗುಮಾಸ್ತರು. ಅಭಿನಂದನೆಯಿಲ್ಲ, ನಮಸ್ಕಾರವಿಲ್ಲ. ಕಾರ್ಡಿನ ವಿಷಯ, ಮೊಬೈಲಿಗೆ ಒಟಿಪಿ ಬಂದಿದೆ, ಬೇಗ ಹೇಳಿ, ಸಂಜೆಯೊಳಗೆ ಹೇಳದಿದ್ದರೆ ಹೆಸರು ಹೊಡೆದುಹಾಕುತ್ತೇವೆ. ಅವಸರ, ಬೆದರಿಕೆ, ಒಟಿಪಿ, ಕಾರ್ಡು. ನಿಮ್ಮ ಕರಪತ್ರವನ್ನು ಎದುರಿಗಿಟ್ಟುಕೊಂಡು ಒಂದನ್ನೂ ಬಿಡದೆ ಓದಿದಂತಿತ್ತು. ಇಟ್ಟುಬಿಟ್ಟೆ. ಮಾರನೆಯ ದಿನ ಮತ್ತೆ ಮಾಡಿದರು, ಮತ್ತೆ ಇಟ್ಟೆ. ಮೂರನೆಯ ಸಲ ಅತ್ತೆ ನನ್ನ ಕೈಯಿಂದ ಫೋನ್ ಕಿತ್ತುಕೊಂಡರು.

“ನಿನ್ನಂಥವನೇ ಒಬ್ಬ ಮೊದಲೇ ಬಂದು ಬಾಚ್ಕೊಂಡು ಹೋದ ಕಣಪ್ಪಾ, ನಿನಗೇನೂ ಉಳಿದಿಲ್ಲ. ಅವನಾದ್ರೂ ಊಟ ಆಯ್ತಾ ಅಂತ ಕೇಳ್ದ. ನೀನು ಕಳ್ಳತನಾನಾದ್ರೂ ಸ್ವಲ್ಪ ಮರ್ಯಾದೆಯಿಂದ ಮಾಡೋದು ಕಲಿ.”

ಇದರ ಫಲವಾಗಿ ನನ್ನ ಕಡತದಲ್ಲಿ ಎರಡು ಸಾಲು ಸೇರಿವೆ. ಒಂದು, ಸಹಕರಿಸಲಿಲ್ಲ. ಇನ್ನೊಂದು, ಅರ್ಜಿದಾರಳ ಅತ್ತೆ ಸಿಬ್ಬಂದಿಯನ್ನು ನಿಂದಿಸಿದ್ದಾರೆ. ಎರಡನೆಯದನ್ನು ಅಳಿಸಬೇಡಿ, ಅತ್ತೆಗೆ ಅದರ ಬಗ್ಗೆ ಹೆಮ್ಮೆಯಿದೆ.

ಒಂದು ಪ್ರಶ್ನೆ ಮಾತ್ರ ನನ್ನನ್ನು ಕೊರೆಯುತ್ತಿತ್ತು. ಒಂದು ಕಿಲೋ ಏಳುನೂರ ನಲವತ್ತು ಗ್ರಾಂ ಎಂದು ಆ ಕಳ್ಳನಿಗೆ ಹೇಳಿದವರು ಯಾರು? ತೂಕ ಹಾಕಿದ ನರ್ಸಮ್ಮನ ಮೇಲೆ ನನಗೆ ಅನುಮಾನ ಬಂದಿತ್ತು. ಅದೇ ನರ್ಸಮ್ಮ, ಮಗಳನ್ನು ಮೊದಲ ಸಲ ನನ್ನ ಕೈಗಿತ್ತವರು. ತಪಾಸಣೆಗೆ ಹೋದಾಗ ಅವರು ನಕ್ಕರೆ ನಾನು ಮುಖ ತಿರುಗಿಸಿದೆ. ಕಳೆದ ವಾರ ರದ್ದಿನ ಕಾರಣ ಕೇಳಲು ಬಂದಾಗ ಉತ್ತರ ಸಿಕ್ಕಿತು. ನಿಮ್ಮ ಕಚೇರಿಯ ಹೊರಗೋಡೆಯಲ್ಲಿ, ರಸ್ತೆಯ ಕಡೆಗೆ, ಪಟ್ಟಿ ಅಂಟಿಸಿದ್ದೀರಿ. ತಾಯಿಯ ಹೆಸರು, ಫೋನ್ ನಂಬರು, ಮಗು ಹುಟ್ಟಿದ ದಿನ, ತೂಕ. ಕೆಳಗೆ ನಿಮ್ಮ ರುಜು, ಮೊಹರು. ನಲವತ್ತೊಂದನೆಯವಳು ನಾನು. ಪಾರದರ್ಶಕತೆ ಎಂದರು ಕೌಂಟರಿನಲ್ಲಿ. ಹೌದು, ಆಚೆಯಿಂದ ಈಚೆಗೆ ಎಲ್ಲ ಕಾಣುವಷ್ಟು ಪಾರದರ್ಶಕ. ಕಳ್ಳ ಬೀಗ ಮುರಿಯುವುದಿರಲಿ, ಮೆಟ್ಟಿಲು ಹತ್ತುವ ತೊಂದರೆಯೂ ಅವನಿಗೆ ಆಗಬಾರದೆಂದು ನೀವು ಎಷ್ಟು ಮುತುವರ್ಜಿ ವಹಿಸಿದ್ದೀರಿ. ನಾನು ನಿಂತಿದ್ದಾಗಲೇ ಇಸ್ತ್ರಿ ಅಂಗಿ ಹಾಕಿದ ಒಬ್ಬರು ಬಂದು ಪಟ್ಟಿಯ ಫೋಟೋ ತೆಗೆದುಕೊಂಡು ಹೋದರು. ಯಾವುದೋ ಮಗುವಿನ ತಂದೆಯಿರಬಹುದು. ಇಲ್ಲದಿರಲೂಬಹುದು. ಅದನ್ನು ತಿಳಿಯುವ ದಾರಿಯನ್ನು ನಿಮ್ಮ ಕರಪತ್ರ ಹೇಳಿಲ್ಲ.

ಮನೆಗೆ ಬಂದು ಒಂದು ಹುಚ್ಚು ಕೆಲಸ ಮಾಡಿದೆ. ನಾನೂ ಪಟ್ಟಿಯ ಫೋಟೋ ತೆಗೆದಿದ್ದೆ. ಒಬ್ಬೊಬ್ಬರಿಗೇ ಫೋನ್ ಮಾಡಿ ಎಚ್ಚರಿಸತೊಡಗಿದೆ. ಗಿಫ್ಟ್ ಕಾರ್ಡ್ ಕೊಂಡು ನಂಬರು ಓದಿ ಎನ್ನುವವನು ಯಾರೇ ಆಗಲಿ, ಎಷ್ಟೇ ಒಳ್ಳೆಯವನಾಗಲಿ, ಕಳ್ಳ. ಗಲ್ಲಾದಾಕೆ ಕೇಳಿದರೆ ನಿಜ ಹೇಳಿಬಿಡಿ. ಇಷ್ಟೇ ನನ್ನ ಮಾತು. ಆದರೆ ನಾನೂ ಕಾರ್ಡಿನ ಮಾತೆತ್ತಿದ್ದೆನಲ್ಲ, ಮೊದಲ ಮೂವರು ಇಟ್ಟುಬಿಟ್ಟರು. ನಿಮ್ಮ ಕರಪತ್ರ ಅವರಿಗೂ ತಲುಪಿದೆ, ಸಂತೋಷ. ನಾಲ್ಕನೆಯವಳಿಗೆ ನನ್ನ ಮಗಳು ಅಳುವುದು ಕೇಳಿಸಿತು. ಮಗು ಇಟ್ಕೊಂಡು ಇಂಥ ದಂಧೆ ಮಾಡ್ತೀಯಲ್ಲ, ನಾಚಿಕೆ ಆಗಲ್ವಾ ಎಂದಳು.

ಬೇಜಾರಾಗಿ ಪಟ್ಟಿಯ ಮಧ್ಯ ಬಿಟ್ಟು ನನ್ನ ಕೆಳಗಿನವಳಿಗೆ ಮಾಡಿದೆ, ಕ್ರಮಸಂಖ್ಯೆ ನಲವತ್ತೆರಡು. ಮಗು ಒಂದು ಕಿಲೋ ಒಂಬೈನೂರು. ದನಿ ಬಹಳ ಚಿಕ್ಕದು, ಪಿಸುಗುಟ್ಟುತ್ತಿದ್ದಳು.

“ಆಮೇಲೆ ಮಾಡಿ ಅಕ್ಕಾ. ಆಫೀಸಿನೋರು ಇನ್ನೊಂದು ಲೈನಲ್ಲಿ ಕಾಯ್ತಿದಾರೆ. ಅಂಗಡೀಲಿದೀನಿ.”

ಹಿಂದಿನಿಂದ ಗಲ್ಲಾದ ಸದ್ದು ಕೇಳುತ್ತಿತ್ತು. ಕೊಳ್ಳಬೇಡ, ಆತ ಕಳ್ಳ ಎಂದೆ. ಹೀಗೆ ಯಾರಾದ್ರೂ ಫೋನ್ ಮಾಡಿ ತಪ್ಪಿಸ್ತಾರೆ ಅಂತ ಸಾರ್ ಆಗಲೇ ಹೇಳಿದ್ರು ಎಂದು ಇಟ್ಟುಬಿಟ್ಟಳು. ಮತ್ತೆ ಹನ್ನೊಂದು ಸಲ ಮಾಡಿದೆ. ಎತ್ತಲಿಲ್ಲ.

ಮಾನ್ಯರೇ, ನನ್ನ ಡಬ್ಬಿಯಲ್ಲಿ ಇವತ್ತಿಗೆ ಇಪ್ಪತ್ತಾರು ಚಮಚ ಪುಡಿಯಿದೆ. ನೀರು ಹೆಚ್ಚಿಗೆ ಬೆರೆಸಕೂಡದೆಂದು ಡಾಕ್ಟರು ಹೇಳಿದ್ದಾರೆ, ಬೆರೆಸುವುದಿಲ್ಲ. ಆದ್ದರಿಂದ ನನ್ನ ಬೇಡಿಕೆ ಚಿಕ್ಕದು, ಆದರೆ ಈ ವಾರವೇ ಆಗಬೇಕಾದದ್ದು. ಆ ಪಟ್ಟಿಯನ್ನು ಇವತ್ತೇ ಕಿತ್ತುಹಾಕಿ. ಗುಮಾಸ್ತರಿಗೆ ಹೇಳಬೇಡಿ, ನಿಮ್ಮ ರುಜು ಇದೆ, ನಿಮ್ಮ ಉಗುರಿನಿಂದಲೇ ಕೀಳಿ. ನನ್ನ ಕಾರ್ಡನ್ನು ಮರಳಿ ಮಂಜೂರು ಮಾಡಿ. ಅದಕ್ಕೂ ಮೊದಲು ನಲವತ್ತೆರಡನೆಯವಳಿಗೆ ಅವಳ ಕಾರ್ಡು ತಲುಪಿಸಿ. ಫೋನ್ ಮಾಡಬೇಡಿ. ಅವಳು ಇನ್ನು ಯಾರ ಫೋನನ್ನೂ ನಂಬುವುದಿಲ್ಲ, ನಂಬಲೂಬಾರದು. ವಿಳಾಸ ನಿಮ್ಮ ಕಡತದಲ್ಲಿದೆ. ಕಾರ್ಡು ಕೈಯಲ್ಲಿ ಹಿಡಿದು ನಡೆದು ಹೋಗಿ, ಬಾಗಿಲು ತಟ್ಟಿ, ಅವಳು ಮಗುವಿನ ಬಟ್ಟೆ ಬದಲಿಸಿ ಬರುವವರೆಗೆ ಹೊರಗೆ ನಿಂತು ಕಾಯಿರಿ. ಆಮೇಲೆ ಊಟ ಆಯಿತೇ ಎಂದು ಕೇಳಿ.

ಅಷ್ಟು ಮಾಡಲು ಆ ಕಳ್ಳನಿಗೆ ಬಂದಿತ್ತು.

ಇಂತಿ,
ಕ್ರಮಸಂಖ್ಯೆ ನಲವತ್ತೊಂದು,
ಸಹಕರಿಸಬಾರದವನಿಗೆ ಸಹಕರಿಸಿದವಳು
(ಮಗಳ ತೂಕ ಈಗ ನಾಲ್ಕು ಕಿಲೋ ನೂರು ಗ್ರಾಂ, ಕೇಳುತ್ತೀರೇನೋ ಎಂದು ಬರೆದೆ)