ಅಮ್ಮನ ಹೆಸರಿನ ಗಡಿಗೆ

ಉಮುಯಿತೆ
ಮಾರ್ಚ್ ೧೯೭೦

ಪ್ರೀತಿಯ ಉಗೊಯೆ ಅಕ್ಕನಿಗೆ,

ತಮ್ಮನ ನಮಸ್ಕಾರ. ಬರೆಯಲು ತಡವಾಯಿತು, ಸಿಟ್ಟಾಗಬೇಡ. ಯುದ್ಧ ಮುಗಿದ ಮೇಲೆ ಊರಿಗೆ ಮರಳಿ ಸೂರು ಹೊದಿಸುವುದರಲ್ಲೇ ದಿನ ಹೋದವು. ನೀನು ಗಾಯಾಳುಗಳ ಲಾರಿ ಹತ್ತಿದಾಗ ಕೊಟ್ಟ ಮಿಷನ್ ಆಸ್ಪತ್ರೆಯ ವಿಳಾಸಕ್ಕೇ ಈ ಪತ್ರವನ್ನೂ ಹಾಕುತ್ತಿದ್ದೇನೆ.

ಸಂತೆಯ ಮೇಲೆ ವಿಮಾನ ಬಂದ ದಿನ ಅಮ್ಮ ಹೋದದ್ದನ್ನು ಹಿಂದೆಯೇ ಬರೆದಿದ್ದೆ. ಅವಳು ಅಡುಗೆ ಮಾಡುತ್ತಿದ್ದ ಗಡಿಗೆಯನ್ನು ಒಡೆಯುವ ಕೆಲಸ ಉಳಿದಿತ್ತು. ಅದಾಗುವವರೆಗೆ ಸತ್ತವಳು ಒಲೆ ಬಿಟ್ಟು ಹೋಗುವುದಿಲ್ಲ ಎಂದು ಅಪ್ಪ ಅನ್ನ ನೀರು ಸೇರದೆ ಕೂತಿದ್ದರು. ಒಡೆಯೋಣವೆಂದರೆ ಮನೆಯಲ್ಲಿ ಇಡಿಯಾದ ಒಂದು ಗಡಿಗೆಯೂ ಇರಲಿಲ್ಲ. ಸಿಪಾಯಿಗಳು ಎಲ್ಲವನ್ನೂ ಒದ್ದು ಒಡೆದು ಹೋಗಿದ್ದರು. ಅಮ್ಮನ ಗಡಿಗೆಯ ಚೂರುಗಳನ್ನೇ ಕುಟ್ಟಿ, ಹೊಸ ಮಣ್ಣಿಗೆ ಬೆರೆಸಿ, ಅವಳ ಹೆಸರಿನಲ್ಲಿ ಒಂದು ಗಡಿಗೆ ಮಾಡಬೇಕು ಎಂದು ಕುಂಬಾರ ಹೆಂಗಸರು ಹೇಳಿದರು. ಮಾಡಬೇಕಾದವಳು ಮಗಳು.

ನಾನೇ ಮಾಡುತ್ತೇನೆ ಎಂದೆ. ಒನಿಚ್ಚಾ ಸಂತೆಯಲ್ಲಿ ಕೊಂಡ ಕಿರುಹೊತ್ತಿಗೆಗಳು ಯುದ್ಧದಲ್ಲಿ ಸುಟ್ಟು ಹೋದರೂ ಅವುಗಳಲ್ಲಿದ್ದದ್ದನ್ನು ನಾನು ಬಿಟ್ಟಿಲ್ಲ. ದುಡಿಮೆಗೆ ಗಂಡು ಹೆಣ್ಣು ಎಂಬುದಿಲ್ಲ, ಗಂಡಸರು ಮಣ್ಣು ಮುಟ್ಟಬಾರದು ಎಂಬುದು ಬರೀ ಹೆದರಿಕೆ ಎಂದು ಅಂಗಳದಲ್ಲಿ ನಿಂತು ಭಾಷಣವನ್ನೇ ಮಾಡಿದೆ. ಹಿಂದೆಲ್ಲ ಹೀಗೆ ಮಾತಾಡಿದರೆ ಮೈ ಬಿಸಿಯಾಗುತ್ತಿತ್ತು. ಈಗ ಏನೂ ಆಗಲಿಲ್ಲ.

ನಿನಗೆ ಮೊದಲ ಬಾರಿ ಮಣ್ಣು ಹಿಡಿಸಿದ ಉರೆಡಿಯಾ ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕಳು. "ಇವತ್ತು ಗಡಿಗೆ ಮಾಡ್ತಾನಂತೆ. ನಾಳೆ ಬಸುರಿ ಆಗ್ತೀನಿ ಅಂತಾನೆ, ನೋಡ್ತಿರಿ."

"ಆದ್ರೆ ಬಾಣಂತನ ನೀನೇ ಮಾಡು ಅಜ್ಜಿ. ಮೊದ್ಲು ಮಣ್ಣು ಕಲಸೋದು ಹೇಳಿಕೊಡು," ಎಂದೆ.

ಉಳಿದವರು ಉಗೊಯೆ ಬರಲಿ, ಕಾಯೋಣ ಎನ್ನಬಹುದು ಎಂದುಕೊಂಡಿದ್ದೆ. ಯಾರೂ ಅನ್ನಲಿಲ್ಲ.

ಮಣ್ಣು ಅಗೆಯುವ ಹಳ್ಳಕ್ಕೆ ನನ್ನನ್ನು ಇಳಿಸಲಿಲ್ಲ, ಹೆಂಗಸರೇ ತಂದುಕೊಟ್ಟರು. ಬುಡ ತಟ್ಟಿ, ಮಣ್ಣಿನ ಸುರುಳಿ ಏರಿಸುವಾಗ ನಾನು ಕೂತೇ ಗಡಿಗೆಯನ್ನು ತಿರುಗಿಸಿದೆ. ಅದು ಸೊಟ್ಟಗಾಯಿತು. "ಅದು ಯಾಕೆ ತಿರುಗಬೇಕೋ? ನೀನು ತಿರುಗು," ಎಂದು ಅಜ್ಜಿ ಬೆನ್ನಿಗೊಂದು ಕೊಟ್ಟಳು. ಬಗ್ಗಿಕೊಂಡು ಅದರ ಸುತ್ತ ನಡೆದೆ. ಅಮ್ಮನೂ ನೀನೂ ಹೀಗೆಯೇ ಸುತ್ತುತ್ತಿದ್ದಿರಿ. ಅಳು ಬರಬಹುದೆಂದು ಕಾದೆ. ಸೊಂಟ ನೋಯಿತು, ಅಷ್ಟೇ.

ಒಣಹುಲ್ಲು, ಸೌದೆ ಒಟ್ಟಿ ಬಯಲಿನಲ್ಲಿ ಸುಟ್ಟರು. ಬಿರುಕು ಬಿಡಲಿಲ್ಲ. ಕೆಂಪಗೆ ಕಾದಿದ್ದಾಗಲೇ ಮರದ ತೊಗಟೆಯ ಕಷಾಯ ಚಿಮುಕಿಸಿದರು. ಮರುದಿನ ದಾರಿ ಕೂಡುವಲ್ಲಿ ಕಲ್ಲಿಗೆ ಅಪ್ಪಳಿಸಿದೆ. ಒಂದೇ ಏಟಿಗೆ ಒಡೆಯಿತು. ಹೆಂಗಸರು ಹಿಂದಿರುಗಿ ನೋಡದೆ ನಡೆದರು. ಅಪ್ಪ ಅಂದು ಎರಡು ತುತ್ತು ಗೆಣಸು ತಿಂದರು.

ಅಪ್ಪ ನಿನಗೆ ಆಶೀರ್ವಾದ ಹೇಳಿದ್ದಾರೆ ಎಂದು ಪ್ರತಿ ಸಲ ಬರೆಯುತ್ತಿದ್ದೆ. ಈ ಸಲ ನಾನೇ ಹೇಳುತ್ತೇನೆ. ದೇವರು, ನಮ್ಮ ಚುಕ್ವು, ನಿನ್ನನ್ನು ಕಾಯಲಿ, ನೀನಿರುವ ಕಡೆ ಹೊಟ್ಟೆ ತುಂಬ ಊಟ ಸಿಗಲಿ.

ನಿನ್ನ ತಮ್ಮ,
ಒಬಿಡಿಕೆ

ಮರೆತಿದ್ದೆ: ದಾರಿಯಿಂದ ಮರಳಿದ ಮೇಲೆ ಅಪ್ಪ, "ಮಣ್ಣು ಇನ್ನೂ ಉಳಿದಿದ್ಯಲ್ಲಪ್ಪಾ. ನಿಮ್ಮಕ್ಕನ ಹೆಸರಿಗೂ ಒಂದು ಮಾಡ್ಬಿಡು," ಎಂದರು. ಅಜ್ಜಿ ನೆಲ ನೋಡುತ್ತಿದ್ದಳು. ನನ್ನ ಯಾವ ಪತ್ರಕ್ಕೂ ನೀನು ಉತ್ತರ ಬರೆದಿಲ್ಲ. ಗಂಡಸರು ಮಣ್ಣು ಮುಟ್ಟುವುದು ನಮ್ಮಲ್ಲಿ ಪದ್ಧತಿಯಿಲ್ಲ ಎಂದು ಅಪ್ಪನಿಗೆ ಹೇಳಿಬಿಟ್ಟೆ.